ಮಾಗಳಿ ಬೇರು ಅಗೆಯುವವರಿಗೆ ದಂಡ, ಕೊಳ್ಳುವವರಿಗೆ ಏನೂ ಇಲ್ಲ: ನಮ್ಮ ಗುಡ್ಡಗಳಿಗೆ ಯಾವ ನಿಯಮ ಬೇಕು?

ಗುಡ್ಡದೂರಿನವ

ಎಲ್ಲರಿಗೂ ನಮಸ್ಕಾರ. ನಾನು ಹೊಸದುರ್ಗ ಕಡೆಯವನು. ನಮ್ಮೂರ ಹಿಂದೆಯೇ ಬಂಡೆಗುಡ್ಡ ಇದೆ. ಈಚೆಗೆ ಅಲ್ಲಿ ಮಾಗಳಿ ಬೇರು ಅಗೆಯುವುದು ತುಂಬಾ ಜಾಸ್ತಿಯಾಗಿದೆ. ಬಂಡೆ ಸಂದಿಗಳಲ್ಲಿ ಎಲ್ಲಿ ನೋಡಿದರೂ ಗುಂಡಿ. ಮಳೆ ಬಂದಾಗ ಆ ಸಡಿಲ ಮಣ್ಣೆಲ್ಲ ಕೆಳಗಿನ ಕೆರೆಗೆ ಬಂದು ಬೀಳುತ್ತದೆ. ಮೊದಲು ಮನೆಯ ಉಪ್ಪಿನಕಾಯಿಗೆ ಎಂದು ಒಂದಿಷ್ಟು ತರುತ್ತಿದ್ದರು, ಅಷ್ಟೇ. ಈಗ ಗೂಡ್ಸ್ ಆಟೋ ಬರುತ್ತದೆ. ತೂಕ ಹಾಕಿ, ನಗದು ಕೊಟ್ಟು, ಚೀಲ ತುಂಬಿಕೊಂಡು ಹೋಗುತ್ತಾರೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಊರಿನ ಹೆಸರು ಹೇಳುತ್ತಾರೆ.

ಮೊನ್ನೆ ಅರಣ್ಯ ಇಲಾಖೆಯವರು ಇಬ್ಬರು ಹೆಂಗಸರನ್ನು ಚೀಲದ ಸಮೇತ ಹಿಡಿದರು. ಅವರು ದಂಡ ಕಟ್ಟಿ ಬಂದರು. ಆಟೋ ಮುಂದಿನ ವಾರವೂ ಬಂತು.

ಗ್ರಾಮಸಭೆ ಹತ್ತಿರ ಬರುತ್ತಿದೆ. ಗುಡ್ಡದಿಂದ ಬರುವ ಹಣ್ಣು, ಹೂವು, ಬೇರು, ತೊಗಟೆ ಮಾರುವುದಕ್ಕೆ ಊರು ತಾನೇ ಒಂದು ಕಟ್ಟುಪಾಡು ಮಾಡಿಕೊಳ್ಳಬಹುದಾ? ಕಾನೂನಿನಲ್ಲಿ ಅದಕ್ಕೆ ಜಾಗ ಇದೆಯಾ? ಎಲ್ಲವನ್ನೂ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಹುಣಸೆ, ಹೊಂಗೆ ಬೀಜ, ಮಳೆಗಾಲದ ಕೊನೆಗೆ ಸೀತಾಫಲ ಮಾರಿಯೇ ಎಷ್ಟೋ ಮನೆಯವರು ಮಕ್ಕಳ ಫೀಸು ಕಟ್ಟುತ್ತಾರೆ. ಆದರೆ ಮಾಗಳಿ ಹೀಗೇ ಹೋದರೆ ನಮ್ಮ ಗುಡ್ಡದಲ್ಲಿ ಉಳಿಯುವುದಿಲ್ಲ. ತಿಳಿದವರು ದಯವಿಟ್ಟು ಹೇಳಿ.

ದುರ್ಗದ ಬಾಟನಿ ಮೇಷ್ಟ್ರು

ಯಾವ ಗಿಡ ಎನ್ನುವುದಕ್ಕಿಂತ ಗಿಡದ ಯಾವ ಭಾಗ ತೆಗೆಯುತ್ತೇವೆ ಎನ್ನುವುದನ್ನು ಮೊದಲು ನೋಡಬೇಕು. ಹುಣಸೆ, ಅಂಟುವಾಳ, ಹೊಂಗೆ, ತಾರೆ, ಅಳಲೆ, ನೆಲ್ಲಿ ಇವುಗಳ ಕಾಯಿ ತೆಗೆದರೆ ಮರ ಅಲ್ಲೇ ಇರುತ್ತದೆ. ಮುಂದಿನ ವರ್ಷ ಮತ್ತೆ ಬಿಡುತ್ತದೆ. ಎಲ್ಲ ಕಾಯನ್ನೂ ಬಳಿದುಕೊಂಡು ಹೋದರೆ ಹೊಸ ಸಸಿ ಹುಟ್ಟುವುದಿಲ್ಲ, ಪ್ರಾಣಿಗಳಿಗೂ ಉಳಿಯುವುದಿಲ್ಲ, ಅದು ನಿಜ. ಆದರೆ ಅದು ನಿಧಾನದ ತೊಂದರೆ, ಸರಿಮಾಡಬಹುದು. ತೊಗಟೆ ಹಾಗಲ್ಲ. ಎಲೆಯಲ್ಲಿ ತಯಾರಾದ ಆಹಾರ ಒಳತೊಗಟೆಯ ಮೂಲಕವೇ ಬೇರಿಗೆ ಇಳಿಯಬೇಕು. ಸುತ್ತಲೂ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ. ಬೇರಂತೂ ಹೇಳುವುದೇ ಬೇಡ. ಬುಡ ಸಮೇತ ತೆಗೆಯುವುದೆಂದರೆ ಬಿತ್ತನೆ ಬೀಜವನ್ನೇ ಬೇಯಿಸಿ ತಿಂದ ಹಾಗೆ.

ಮಾಗಳಿಗೆ ಇನ್ನೂ ಒಂದು ಕಷ್ಟ ಇದೆ. ಅದು ದಕ್ಷಿಣ ಭಾರತದ ಒಣ ಗುಡ್ಡಗಳಲ್ಲಿ ಮಾತ್ರ ಇರುವ ಬಳ್ಳಿ. ಬಂಡೆ ಸಂದಿಯಲ್ಲಿ ಇದ್ದಷ್ಟೇ ಮಣ್ಣಿನಲ್ಲಿ ನಿಧಾನವಾಗಿ ದಪ್ಪ ಬೇರು ಕಟ್ಟುತ್ತದೆ. ಅದರ ಬೀಜಕ್ಕೆ ರೇಷ್ಮೆಯಂಥ ಕೂದಲು ಇರುತ್ತದೆ, ಗಾಳಿಯಲ್ಲಿ ಹಾರಿ ಹೋಗಿ ಇನ್ನೊಂದು ಸಂದಿಯಲ್ಲಿ ಮೊಳೆಯಬೇಕು. ಬಳ್ಳಿ ಕಾಯಿ ಬಿಟ್ಟು ಬೀಜ ಮಾಗುವ ಮೊದಲೇ ಬೇರು ಅಗೆದರೆ ಆ ಗುಡ್ಡದಲ್ಲಿ ಅದರ ಮುಂದಿನ ಪೀಳಿಗೆಯೇ ಇರುವುದಿಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನಲ್ಲಿರುವ ಗಿಡ.

ಬೇಡಿಕೆಯೂ ಸಣ್ಣದಲ್ಲ. ಉಪ್ಪಿನಕಾಯಿ ಒಂದು ಕಡೆ, ಬೇಸಿಗೆಯ ಶರಬತ್ತು ಇನ್ನೊಂದು ಕಡೆ. ಔಷಧಿಗೆ ಬೇಕಾಗುವ ಸೊಗದೆ ಬೇರು ಸಿಗದಿದ್ದಾಗ ಅದರ ಬದಲಿಗೆ ಮಾಗಳಿಯನ್ನೇ ಕೊಡುವುದು ಮಾರುಕಟ್ಟೆಯಲ್ಲಿ ಬಹಳ ಹಿಂದಿನಿಂದ ನಡೆದಿದೆ. ಸೊಗದೆ ಬೇರು ತೆಳು, ಎಷ್ಟು ಅಗೆದರೂ ಚೀಲ ತುಂಬುವುದಿಲ್ಲ. ಮಾಗಳಿ ಒಂದು ಬಳ್ಳಿಯಲ್ಲೇ ಕಿಲೋಗಟ್ಟಲೆ ಬರುತ್ತದೆ.

ಸುಮ್ನೆ ಓದುಗ

ಮೇಷ್ಟ್ರೇ, ಇಡೀ ದೇಶದಲ್ಲಿ ಇಂಥ ವ್ಯಾಪಾರ ಎಷ್ಟಿರಬಹುದು?

ದುರ್ಗದ ಬಾಟನಿ ಮೇಷ್ಟ್ರು

ರಾಷ್ಟ್ರೀಯ ಔಷಧಿ ಸಸ್ಯಗಳ ಮಂಡಳಿಯ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 1,178 ಜಾತಿಯ ಔಷಧಿ ಗಿಡಗಳು ಮಾರಾಟವಾಗುತ್ತವೆ. ಅವುಗಳಲ್ಲಿ 242 ಜಾತಿಗಳದ್ದು ವರ್ಷಕ್ಕೆ 100 ಟನ್‌ಗಿಂತ ಹೆಚ್ಚು. 2014-15ರಲ್ಲಿ ಒಟ್ಟು ಬೇಡಿಕೆ 5 ಲಕ್ಷ ಟನ್ ದಾಟಿತ್ತು. ಇದರಲ್ಲಿ ಕೃಷಿ ಮಾಡಿ ಬೆಳೆದದ್ದು ಕೆಲವೇ ಜಾತಿಗಳು. ಉಳಿದದ್ದು ಕಾಡು, ಗುಡ್ಡ, ಕಾವಲು, ಬದು, ರಸ್ತೆ ಬದಿಯಿಂದಲೇ ಬರುತ್ತದೆ.

ಅಜ್ಜಿಯ ಮೊಮ್ಮಗಳು

ಮೇಷ್ಟ್ರು ಹೇಳಿದ್ದು ಸರಿ. ಆದರೆ ಅಗೆಯುವವರನ್ನು ಮಾತ್ರ ಕಳ್ಳರ ಹಾಗೆ ನೋಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಅಜ್ಜಿ ಮೊಳಕಾಲ್ಮೂರು ಕಡೆಯವರು. ಬದುಕಿರುವವರೆಗೂ ಗುಡ್ಡದ ಮೇಲೆಯೇ ಇದ್ದರು ಎನ್ನಬಹುದು. ಮಾಗಳಿ ತರುತ್ತಿದ್ದರು. ಬಳ್ಳಿ ಹೆಬ್ಬೆರಳಿನಷ್ಟು ದಪ್ಪ ಆಗದಿದ್ದರೆ ಮುಟ್ಟುತ್ತಿರಲಿಲ್ಲ. ಒಂದು ಕಡೆಯಿಂದ ಮಣ್ಣು ಸರಿಸಿ ಒಂದೆರಡು ಬೇರು ಕತ್ತರಿಸಿಕೊಂಡು, ಉಳಿದದ್ದಕ್ಕೆ ಮಣ್ಣು ಮುಚ್ಚಿ, ಮೇಲೆ ಕಲ್ಲು ಇಡುತ್ತಿದ್ದರು. ಆಷಾಡಿ ಬೇರಿಗೂ (ಶತಾವರಿ) ಹಾಗೇ. ಬುಡದ ಮೊಳಕೆ ಭಾಗ ಮತ್ತು ನಾಲ್ಕು ಬೇರು ನೆಲದಲ್ಲೇ ಬಿಡಬೇಕು. ದೇವರ ಗುಡಿಯ ಸುತ್ತ ಒಂದು ಎಲೆಯನ್ನೂ ಕೀಳುವ ಹಾಗಿರಲಿಲ್ಲ.

ಇದು ಯಾಕೆ ಹೋಯಿತು ಗೊತ್ತಾ? ಮುಂದಿನ ಸಲ ಅದೇ ಬಳ್ಳಿಗೆ ತಾನೇ ಬರುತ್ತೇನೆ ಎಂಬ ಭರವಸೆ ಇದ್ದರೆ ಯಾರಾದರೂ ಉಳಿಸುತ್ತಾರೆ. ಈಗ ಆ ಭರವಸೆ ಇಲ್ಲ. ನಾನು ಬಿಟ್ಟರೆ ನಾಳೆ ಬೇರೆಯವರು ಅಗೆಯುತ್ತಾರೆ. ಅರಣ್ಯ ಇಲಾಖೆಯ ವಾಚರ್ ಬರುತ್ತಾನೆ ಎಂಬ ಭಯ ಬೇರೆ. ಗಡಿಬಿಡಿಯಲ್ಲಿ ಹಾರೆ ಹಾಕಿ ಬುಡ ಸಮೇತ ಎತ್ತಿ ಓಡಿ ಬರುತ್ತಾರೆ. ಕದ್ದು ಮಾಡುವ ಕೆಲಸದಲ್ಲಿ ಮಣ್ಣು ಮುಚ್ಚುವ ವ್ಯವಧಾನ ಎಲ್ಲಿರುತ್ತದೆ ಹೇಳಿ?

ಶೇಂಗಾ ಕೈಕೊಟ್ಟ ವರ್ಷ ನೋಡಿ. ಗುಡ್ಡ ಹತ್ತುವವರು ಜಾಸ್ತಿ. ಅದು ದುರಾಸೆಯಲ್ಲ.

ಕಾಡು ಕಾಯೋನು

ನಾನು ಇಲಾಖೆಯಲ್ಲಿ ವಾಚರ್ ಆಗಿದ್ದವನು, ಈಗ ಇಲ್ಲ. ತಂಗೀ, ನಿಮ್ಮ ಅಜ್ಜಿಯಂಥವರನ್ನು ನಾನೂ ನೋಡಿದ್ದೇನೆ. ಅವರ ಮೇಲೆ ನನಗೆ ಗೌರವ ಇದೆ. ಆದರೆ ನಮ್ಮ ಕಡೆಯ ಕಷ್ಟವನ್ನೂ ಕೇಳಿ. ಜೋಗಿಮಟ್ಟಿ ವನ್ಯಜೀವಿಧಾಮ. ಜಗಳೂರಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗಾಗಿಯೇ (ನಾಲ್ಕು ಕೊಂಬಿನ ಹುಲ್ಲೆ) ಇರುವ ವನ್ಯಜೀವಿಧಾಮ. ಇಂಥ ಕಡೆ ವನ್ಯಜೀವಿ ಕಾಯ್ದೆಯ 29ನೇ ಕಲಂ ಪ್ರಕಾರ ಕಾಡಿನ ಉತ್ಪನ್ನವನ್ನು ವ್ಯಾಪಾರಕ್ಕೆ ತೆಗೆಯುವ ಹಾಗೇ ಇಲ್ಲ. ವಾಚರ್ ಆದವನು ಬಿಟ್ಟರೆ ಅವನ ಮೇಲೆಯೇ ಮೆಮೊ ಬರುತ್ತದೆ.

ಬೇಸಿಗೆ ಪೂರ್ತಿ ಬೆಂಕಿ ನಂದಿಸುವುದೇ ಕೆಲಸ. ಬೇರು ಅಗೆಯುವವರು ಬೆಂಕಿ ಹಚ್ಚುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಗುಡ್ಡದ ಮೇಲೆ ಯಾರು ಯಾಕೆ ಓಡಾಡುತ್ತಿದ್ದಾರೆ ಎಂದು ಗೊತ್ತೇ ಆಗದಿದ್ದರೆ ಕಾಯುವುದು ಹೇಗೆ? ಚೀಲ ಹೊತ್ತವರು ಕೈಗೆ ಸಿಗುತ್ತಾರೆ. ಕೊಳ್ಳುವವನು ಕಾಡಿನೊಳಗೆ ಕಾಲೇ ಇಡುವುದಿಲ್ಲ. ರಸ್ತೆಯ ಮೇಲೆ ಆಟೋ ಹಿಡಿದರೆ ಇದು ರೈತರ ಜಮೀನಿನದು ಅನ್ನುತ್ತಾನೆ. ಅಲ್ಲ ಎಂದು ಸಾಬೀತು ಮಾಡುವುದು ಸುಲಭವಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಬೇರು ಮತ್ತು ತೊಗಟೆ ಪೂರ್ತಿ ಬಂದ್ ಆಗಬೇಕು. ಸ್ವಲ್ಪ ತೆಗೆಯಬಹುದು ಎಂದರೆ ಆ ಸ್ವಲ್ಪ ಎಷ್ಟು ಎಂದು ಗುಡ್ಡದ ಮೇಲೆ ನಿಂತು ಅಳೆಯುವವರು ಯಾರು?

ಜಗಳೂರಿನ ವಕೀಲೆ

ಅಣ್ಣ, 29ನೇ ಕಲಂ ಬಗ್ಗೆ ನೀವು ಹೇಳಿದ್ದು ಸರಿ. 2002ರ ತಿದ್ದುಪಡಿಯ ನಂತರ ಸುತ್ತಲಿನ ಜನರ ಸ್ವಂತ ಬಳಕೆಗೆ ಬಿಟ್ಟು ವ್ಯಾಪಾರಕ್ಕೆ ಅಭಯಾರಣ್ಯದಿಂದ ಏನೂ ಹೋಗುವಂತಿಲ್ಲ. ಆದರೆ ಅದರ ಪಕ್ಕದಲ್ಲೇ 2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ಇಟ್ಟು ಓದಬೇಕು. ಕಿರು ಅರಣ್ಯ ಉತ್ಪನ್ನದ ಮೇಲೆ ಒಡೆತನ, ಅದನ್ನು ಸಂಗ್ರಹಿಸುವ, ಬಳಸುವ ಮತ್ತು ಮಾರುವ ಹಕ್ಕು ಅದರ 3ನೇ ಕಲಂನಲ್ಲಿ ಸ್ಪಷ್ಟವಾಗಿದೆ. ಔಷಧಿ ಗಿಡ, ಬೇರು, ಗೆಡ್ಡೆ, ಬಿದಿರು, ಜೇನು ಎಲ್ಲ ಆ ಪಟ್ಟಿಯಲ್ಲಿವೆ. ಆ ಕಾಯ್ದೆಯಲ್ಲಿ ಅರಣ್ಯ ಭೂಮಿ ಎಂದರೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನವೂ ಸೇರಿದೆ. ಬೇರೆ ಕಾನೂನಿನಲ್ಲಿ ಏನೇ ಇದ್ದರೂ ಈ ಹಕ್ಕು ಸಿಗುತ್ತದೆ ಎಂದು 4ನೇ ಕಲಂ ಹೇಳುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು ಹುಲಿ ಮೀಸಲು ಪ್ರದೇಶದೊಳಗೇ.

ನಮ್ಮ ಕಡೆ ತೊಡಕು ಬೇರೆ ಇದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಕಾಡನ್ನು ಅವಲಂಬಿಸಿದ್ದರು ಎಂದು ತೋರಿಸಿದರೆ ಸಾಕು. ಉಳಿದವರು ಅದಕ್ಕೂ ಹಿಂದಿನ 75 ವರ್ಷದ ನಂಟು ತೋರಿಸಬೇಕು. ಹಾಗಾಗಿ ಒಂದೇ ಗುಡ್ಡಕ್ಕೆ ಹೋಗುವ ನಾಯಕರ ಹಟ್ಟಿಗೂ ಕಾಡುಗೊಲ್ಲರ ಹಟ್ಟಿಗೂ ಕಾನೂನು ಒಂದೇ ಆಗುವುದಿಲ್ಲ. ಕಾಡುಗೊಲ್ಲರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ. ಕುರಿ ಮೇಯಿಸಿಕೊಂಡು ಗುಡ್ಡದ ಪ್ರತಿ ಬಂಡೆಯನ್ನೂ ಬಲ್ಲವರು ಅವರು. ಕಾಗದ ಎಲ್ಲಿಂದ ತರಬೇಕು?

ಗುಡ್ಡದೂರಿನವರ ಪ್ರಶ್ನೆಗೆ ಬರುತ್ತೇನೆ. ಊರು ನಿಯಮ ಮಾಡಬಹುದಾ? ಮಾಡಬಹುದು. ಎರಡು ದಾರಿ ಇವೆ.

ಮೊದಲನೆಯದು ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಂ. ಹಕ್ಕುದಾರರ ಗ್ರಾಮಸಭೆಗೆ ಕಾಡು, ವನ್ಯಜೀವಿ, ಜೀವವೈವಿಧ್ಯ ಕಾಪಾಡುವ ಅಧಿಕಾರವನ್ನು ಅದು ಕೊಡುತ್ತದೆ. ಅದಕ್ಕಾಗಿ ಒಂದು ಸಮಿತಿಯನ್ನು ಗ್ರಾಮಸಭೆಯೇ ಮಾಡಬೇಕು. 2012ರ ತಿದ್ದುಪಡಿ ನಿಯಮಗಳ ಪ್ರಕಾರ ಕಿರು ಉತ್ಪನ್ನದ ಸಾಗಾಣಿಕೆ ಪರವಾನಗಿ ಕೊಡುವುದೂ ಆ ಸಮಿತಿಯೇ. ಅಂದರೆ ಪಾಸ್ ಬರೆಯುವ ಪೆನ್ನು ಊರಿನ ಕೈಯಲ್ಲೇ ಇರಬಹುದು. ಆದರೆ ಹಕ್ಕು ಮಾನ್ಯ ಆಗಿರಬೇಕು.

ಎರಡನೆಯದು ಜೀವವೈವಿಧ್ಯ ಕಾಯ್ದೆ 2002. ಇದಕ್ಕೆ ಹಕ್ಕುಪತ್ರ ಬೇಡ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2020ರ ಜನವರಿ 31ರೊಳಗೆ ಎಲ್ಲ ಕಡೆ ಸಮಿತಿಯೂ ಜನತಾ ಜೀವವೈವಿಧ್ಯ ದಾಖಲಾತಿಯೂ ಆಗಲೇಬೇಕು ಎಂದು ಹಸಿರು ನ್ಯಾಯಮಂಡಳಿ ಗಡುವು ಕೊಟ್ಟಿತ್ತು. ಊರಿನ ಗಿಡ, ಪ್ರಾಣಿಗಳನ್ನು ಬರೆದಿಡುವ ಆ ದಾಖಲಾತಿ ಪುಸ್ತಕ ನಿಮ್ಮ ಪಂಚಾಯಿತಿಯಲ್ಲೂ ಇರಲೇಬೇಕು. ಪಿಡಿಒ ಅವರನ್ನು ಕೇಳಿ, ತೆರೆದು ನೋಡಿ. ಮಾಗಳಿಯ ಹೆಸರು ಅದರಲ್ಲಿದೆಯಾ ಎಂದು ಮೊದಲು ತಿಳಿದುಕೊಳ್ಳಿ. ಆ ಕಾಯ್ದೆಯ 41ನೇ ಕಲಂ ಪ್ರಕಾರ ಸಮಿತಿಯ ವ್ಯಾಪ್ತಿಯಿಂದ ವ್ಯಾಪಾರಕ್ಕಾಗಿ ಜೈವಿಕ ಸಂಪನ್ಮೂಲ ತೆಗೆದುಕೊಂಡು ಹೋಗುವವರಿಂದ ಸಮಿತಿ ಶುಲ್ಕ ವಸೂಲು ಮಾಡಬಹುದು. ಆಟೋದವರನ್ನು ನಿಲ್ಲಿಸಿ ಯಾರು ನೀವು, ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಲು ಇದೇ ಆಧಾರ.

ಉಪ್ಪಿನಕಾಯಿ ಮನೆ, ದಾವಣಗೆರೆ

ನಾನು ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಮಾಗಳಿ ಬೇರಿನದಕ್ಕೆ ಬೇರೆ ಎಲ್ಲದಕ್ಕಿಂತ ಬೇಡಿಕೆ. ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಒಂದು ವರ್ಷಕ್ಕಾಗುವಷ್ಟು ಒಟ್ಟಿಗೇ ಕೇಳುತ್ತಾರೆ. ಬೇರನ್ನು ಮಾರ್ಕೆಟ್‌ನಲ್ಲಿ ಕೊಳ್ಳುತ್ತೇನೆ. ಯಾವ ಗುಡ್ಡದ್ದು, ಹೇಗೆ ಅಗೆದರು ಎಂದು ಕೇಳಿದರೆ ವ್ಯಾಪಾರಿ ಹೇಳುವುದಿಲ್ಲ. ಈಗೀಗ ಬೇರು ಸಣ್ಣದಾಗುತ್ತಿರುವುದು ನನ್ನ ಕಣ್ಣಿಗೇ ಕಾಣುತ್ತಿದೆ. ಮೊದಲು ನಡುವಿನ ನಾರು ತೆಗೆದರೂ ದಪ್ಪ ತಿರುಳು ಸಿಗುತ್ತಿತ್ತು. ಈಗ ಅರ್ಧ ನಾರೇ.

ಮೇಷ್ಟ್ರು ಬರೆದದ್ದು ಓದಿ ಮನಸ್ಸಿಗೆ ಕಷ್ಟವಾಯಿತು. ಸರಿಯಾದ ಕಡೆಯಿಂದ ಬಂದ ಬೇರಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಡಲು ನಾನು ತಯಾರಿದ್ದೇನೆ. ಗಿರಾಕಿಗಳಿಗೂ ಹೇಳುತ್ತೇನೆ. ಆದರೆ ಸರಿಯಾದದ್ದು ಎಂದು ಗುರುತಿಸುವುದು ಹೇಗೆ?

ಹಿರಿಯೂರು ತೋಟ

ಅಕ್ಕ, ಬೆಳೆದದ್ದನ್ನು ಕೊಳ್ಳಿ. ಬಳ್ಳಿಯನ್ನು ಬೀಜದಿಂದ ಸಸಿ ಮಾಡಬಹುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಅಂಗಾಂಶ ಕೃಷಿಯಿಂದ ಸಸಿ ಮಾಡುವ ಬಗ್ಗೆಯೂ ಕೆಲಸ ನಡೆದಿದೆ. ನಾನು ತೋಟದ ಬೇಲಿಗೆ ಒಂದಿಷ್ಟು ಹಬ್ಬಿಸಿದ್ದೇನೆ. ಅದಕ್ಕೆ ಗೊಬ್ಬರ, ನೀರು ಜಾಸ್ತಿ ಬೇಡ. ಆದರೆ ತಾಳ್ಮೆ ಬೇಕು. ಬೇರು ದಪ್ಪ ಆಗಲು ವರ್ಷಗಳು ಹಿಡಿಯುತ್ತವೆ. ಅಷ್ಟು ವರ್ಷ ಕಾಯ್ದು ಬೆಳೆದವನ ಬೇರಿಗೂ, ಒಂದೇ ಬೆಳಿಗ್ಗೆ ಗುಡ್ಡದಿಂದ ಕಿತ್ತು ತಂದ ಬೇರಿಗೂ ಮಾರ್ಕೆಟ್‌ನಲ್ಲಿ ಒಂದೇ ರೇಟು. ಹೀಗಾದರೆ ಯಾರು ಬೆಳೆಯುತ್ತಾರೆ?

ಇನ್ನೊಂದು ಭಯ ಇದೆ. 2023ರಲ್ಲಿ ಜೀವವೈವಿಧ್ಯ ಕಾಯ್ದೆಗೆ ತಿದ್ದುಪಡಿ ಬಂತು. ಕೃಷಿ ಮಾಡಿದ ಔಷಧಿ ಗಿಡಗಳಿಗೆ ವಿನಾಯಿತಿ ಕೊಟ್ಟರು. ಅದು ನಮ್ಮಂಥವರಿಗೆ ಒಳ್ಳೆಯದೇ. ಆದರೆ ಗುಡ್ಡದ ಬೇರನ್ನೇ ತೋಟದ್ದು ಎಂದು ಹೇಳಿ ದಾಟಿಸಲು ಅದೇ ದಾರಿಯಾದರೆ? ವಕೀಲೆ ಮೇಡಂ, ಇದಕ್ಕೆ ತಡೆ ಏನಾದರೂ ಇದೆಯಾ?

ಜಗಳೂರಿನ ವಕೀಲೆ

ಒಳ್ಳೆಯ ಕಡೆ ಬೆರಳಿಟ್ಟಿರಿ. ಬೆಳೆದದ್ದು ಎಂದು ವಿನಾಯಿತಿ ಬೇಕಾದರೆ ಮೂಲ ಪ್ರಮಾಣಪತ್ರ ಬೇಕು. ಅದಕ್ಕೂ ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯೇ ಬೇಕಾಗುತ್ತದೆ. ಸಮಿತಿ ಕಾಗದದ ಮೇಲೆ ಮಾತ್ರ ಇದ್ದರೆ ಯಾರು ಬೇಕಾದರೂ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಸದಸ್ಯರು ತೋಟಕ್ಕೆ ಹೋಗಿ ಎಷ್ಟು ಬಳ್ಳಿ ಇದೆ, ಎಷ್ಟು ವರ್ಷದ್ದು ಎಂದು ಬರೆದುಕೊಂಡು ಬಂದರೆ ಸುಳ್ಳು ಹೇಳುವುದು ಕಷ್ಟ. ಬೇಲಿಯಲ್ಲಿ ಹತ್ತು ಬಳ್ಳಿ ಇಟ್ಟುಕೊಂಡವರು ಟನ್‌ಗಟ್ಟಲೆ ಮಾರುತ್ತೇನೆ ಎಂದರೆ ಲೆಕ್ಕವೇ ಹೇಳುತ್ತದೆ.

ಕಂಪನಿಗಳ ಬಗ್ಗೆಯೂ ಒಂದು ಮಾತು. ಜೈವಿಕ ಸಂಪನ್ಮೂಲ ಬಳಸುವ ಕಂಪನಿ ಲಾಭದಲ್ಲಿ ಪಾಲು ಕೊಡಬೇಕು ಎನ್ನುವ ಜೀವವೈವಿಧ್ಯ ಕಾಯ್ದೆಯ ನಿಯಮ ವಿದೇಶಿ ಕಂಪನಿಗಳಿಗೆ ಮಾತ್ರ ಎಂಬ ವಾದ ಇತ್ತು. ದಿವ್ಯ ಫಾರ್ಮಸಿ ಎಂಬ ಆಯುರ್ವೇದ ಔಷಧಿ ಕಂಪನಿಯ ಪ್ರಕರಣದಲ್ಲಿ ಉತ್ತರಾಖಂಡ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ದೇಶದ ಕಂಪನಿಗಳೂ ಕೊಡಬೇಕು ಎಂದಿತು. ಸ್ಥಳೀಯ ಜನ, ಬೆಳೆಗಾರರು, ನಾಟಿ ವೈದ್ಯರಿಗೆ ಮೊದಲಿನಿಂದಲೂ ವಿನಾಯಿತಿ ಇದೆ. ಕಾನೂನಿನ ಆಶಯ ಸ್ಪಷ್ಟ. ಭಾರ ಬೀಳಬೇಕಾದದ್ದು ಚೀಲ ಹೊತ್ತವರ ಮೇಲಲ್ಲ, ಲಾರಿ ತುಂಬುವವರ ಮೇಲೆ.

ಗ್ರಂಧಿಗೆ ಅಂಗಡಿ

ನಮ್ಮದು ದಾವಣಗೆರೆಯಲ್ಲಿ ತಂದೆಯ ಕಾಲದಿಂದ ಇರುವ ಗ್ರಂಧಿಗೆ ಅಂಗಡಿ. ವ್ಯಾಪಾರಿಗಳೆಲ್ಲ ಕೆಟ್ಟವರು ಎನ್ನುವ ಹಾಗೆ ಮಾತು ಹೋಗಬಾರದು ಎಂದು ಬರೆಯುತ್ತಿದ್ದೇನೆ. ಸರಕು ನಮ್ಮ ಕೈಗೆ ಬರುವಷ್ಟರಲ್ಲಿ ಮೂರು ನಾಲ್ಕು ಕೈ ದಾಟಿರುತ್ತದೆ. ಊರಲ್ಲಿ ಕೊಳ್ಳುವವನು, ಹೋಬಳಿಯಲ್ಲಿ ಒಟ್ಟು ಮಾಡುವವನು, ದೊಡ್ಡ ಗೋಡೌನಿನವನು, ಆಮೇಲೆ ನಾವು. ಪ್ರತಿ ಕೈಯಲ್ಲೂ ಬೇರೆ ಬೇರೆ ಊರಿನ ಮಾಲು ಬೆರೆಯುತ್ತದೆ. ಬೆರೆತ ಮೇಲೆ ಎಲ್ಲಿಯದು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಗುರುತು ಹಾಕುವುದಿದ್ದರೆ ಮೊದಲ ತೂಕದಲ್ಲೇ, ಊರಲ್ಲೇ ಹಾಕಬೇಕು.

ಊರಿನ ಸಮಿತಿಯ ಚೀಟಿ ಇರುವ ಮಾಲು ಬಂದರೆ ನಾನು ಅದನ್ನೇ ಕೊಳ್ಳುತ್ತೇನೆ. ದೊಡ್ಡ ಔಷಧಿ ಕಂಪನಿಗಳೂ ಈಗ ಮೂಲ ಯಾವುದು ಎಂದು ಕೇಳುತ್ತಿವೆ. ರಫ್ತು ಮಾಡುವವರಿಗಂತೂ ಕಾಗದ ಇಲ್ಲದಿದ್ದರೆ ಆಗುವುದೇ ಇಲ್ಲ. ಸರ್ಪಗಂಧ 1990ರಿಂದ ಕಾಡಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ರಕ್ತಚಂದನ 1995ರಿಂದ. ಆ ಪಟ್ಟಿಯಲ್ಲಿದ್ದರೆ ರಫ್ತಿನಿಂದ ಕಾಡಿನಲ್ಲಿರುವ ಗಿಡಕ್ಕೆ ಹಾನಿ ಇಲ್ಲ ಎಂದು ಸರ್ಕಾರದ ಪರಿಣಿತರು ಒಪ್ಪಿದ ಮೇಲೆಯೇ ಪರವಾನಗಿ. ಮಾಗಳಿಗೆ ಆ ರಕ್ಷಣೆ ಇಲ್ಲ, ಅದು ಹೆಚ್ಚಾಗಿ ಇಲ್ಲಿಯೇ ಖರ್ಚಾಗುತ್ತದೆ. ಹಾಗಾಗಿ ನಾವೇ ನೋಡಿಕೊಳ್ಳಬೇಕು.

ಇನ್ನೊಂದು ವಿಷಯ. ತಂಗಡಿ ಹೂವಿಗೆ ಈಗ ಆನ್‌ಲೈನ್‌ನಲ್ಲಿ ಭಾರೀ ಬೇಡಿಕೆ. ಒಣಗಿಸಿ ಪುಡಿ ಮಾಡಿ ಟೀ, ಮುಖಕ್ಕೆ ಹಚ್ಚುವ ಪುಡಿ ಎಂದು ಮಾರುತ್ತಾರೆ. ಅದರಿಂದಲೂ ತೊಂದರೆ ಇದೆಯಾ ಮೇಷ್ಟ್ರೇ?

ದುರ್ಗದ ಬಾಟನಿ ಮೇಷ್ಟ್ರು

ತಂಗಡಿ ಗಟ್ಟಿ ಗಿಡ. ದನ ಮೇಯುವುದಿಲ್ಲ, ಕಡಿದರೆ ಚಿಗುರುತ್ತದೆ, ನಮ್ಮ ಜಿಲ್ಲೆಯಲ್ಲಿ ರಸ್ತೆ ಬದಿಯೆಲ್ಲ ಅದೇ. ಹೂವು ಕೊಯ್ದರೆ ಗಿಡ ಸಾಯುವುದಿಲ್ಲ. ಕೊಂಬೆ ಮುರಿಯದೆ, ಒಂದಷ್ಟು ಹೂವು ಜೇನಿಗೂ ಬೀಜಕ್ಕೂ ಬಿಟ್ಟರೆ ಸಾಕು. ಹಿಂದೆ ಚರ್ಮ ಹದ ಮಾಡಲು ಅದರ ತೊಗಟೆಯ ವ್ಯಾಪಾರ ಜೋರಾಗಿತ್ತು, ಆಗಲೂ ಅದು ಉಳಿದುಕೊಂಡಿತು. ಹಂಚಿಕಡ್ಡಿ ಪೊರಕೆ, ಈಚಲ ಗರಿ ಇವೂ ಅಷ್ಟೇ. ಹೊನ್ನೆ ಮಾತ್ರ ಬೇರೆ. ಸಕ್ಕರೆ ಕಾಯಿಲೆಗೆ ಎಂದು ಹೊನ್ನೆ ಮರದ ಲೋಟ ಕೊಳ್ಳುವ ಮುಂಚೆ ಅದಕ್ಕಾಗಿ ಒಂದು ಮರದ ತಿರುಳೇ ಹೋಗಿದೆ ಎಂದು ನೆನಪಿರಲಿ.

ಕಾಡು ಕಾಯುವ ಅಣ್ಣ ಕೇಳಿದ ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಸ್ವಲ್ಪ ಎಂದರೆ ಎಷ್ಟು? ಅಳೆಯುವವರು ಯಾರು? ಇದಕ್ಕೆ ಬಿಳಿಗಿರಿರಂಗನ ಬೆಟ್ಟದಲ್ಲಿ ಉತ್ತರ ಇದೆ. 1990ರ ದಶಕದಲ್ಲಿ ಅಲ್ಲಿ ಸೋಲಿಗರು ಮತ್ತು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಸೇರಿ ನೆಲ್ಲಿ ಮರಗಳನ್ನು ಗಮನಿಸತೊಡಗಿದರು. ಕೊಯ್ಲಿಗೆ ಮೊದಲು ಎಷ್ಟು ಕಾಯಿ ಬಿಟ್ಟಿದೆ ಎಂದು ಅಂದಾಜು, ಕೊಯ್ಲು ಆದ ಮೇಲೆ ಎಷ್ಟು ತಂದರು ಎಂದು ತೂಕ. ಸಸಿ ಎಷ್ಟಿವೆ ಎಂದು ಎಣಿಕೆ. ಕಾಯಿ ಕೀಳುವುದರಿಂದಲೇ ನೆಲ್ಲಿ ಕಡಿಮೆಯಾಗುತ್ತಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ದೊಡ್ಡ ತೊಂದರೆ ಬೇರೆ ಇತ್ತು. ಮರಕ್ಕೆ ಹತ್ತಿ ಅದರ ರಸ ಹೀರುವ ಬಂದಳಿಕೆ, ಕೆಳಗೆ ದಟ್ಟವಾಗಿ ಹಬ್ಬಿದ ಲಂಟಾನ ಕಳೆ. ಮೊದಲು ಬೇಸಿಗೆಯ ಆರಂಭದಲ್ಲಿ ನೆಲಮಟ್ಟದ ತರಗು ಬೆಂಕಿ ಹಾಕುತ್ತಿದ್ದೆವು, ಅದು ನಿಂತ ಮೇಲೆ ಇವೆರಡೂ ಹೆಚ್ಚಾದವು ಎನ್ನುವುದು ಸೋಲಿಗರ ಅನುಭವ. ಜನ ಕಾಡಿಗೆ ಹೋಗುವುದನ್ನು ನಿಲ್ಲಿಸಿದಾಗ ಬಂದಳಿಕೆ ಕಡಿಯುವ ಕೈಯೂ ಇಲ್ಲದಾಯಿತು.

ಹಾಗೆಂದು ಮಾಗಳಿ ಬೇರಿಗೂ ನೆಲ್ಲಿಕಾಯಿಗೂ ಒಂದೇ ನ್ಯಾಯ ಅಲ್ಲ. ಎಣಿಸದೆ ಎರಡರ ಬಗ್ಗೆಯೂ ಮಾತಾಡಬಾರದು ಎನ್ನುವುದು ನನ್ನ ಮಾತು. ಎಲ್ಲವನ್ನೂ ಒಂದೇ ನಿಷೇಧದ ಅಡಿ ಹಾಕಿದರೆ ತಂಗಡಿ ಹೂವು ಕೊಯ್ದವಳೂ, ಹೊನ್ನೆ ತೊಗಟೆ ಸುಲಿದವನೂ ಒಂದೇ ಅಪರಾಧಿ ಆಗುತ್ತಾರೆ. ಅಂಥ ನಿಯಮಕ್ಕೆ ಯಾರೂ ಬೆಲೆ ಕೊಡುವುದಿಲ್ಲ.

ಕಾಡು ಕಾಯೋನು

ತರಗು ಬೆಂಕಿ ಮಾತು ಇಲ್ಲಿಗೆ ತರಬೇಡಿ ಮೇಷ್ಟ್ರೇ. ಬಿಳಿಗಿರಿರಂಗನ ಬೆಟ್ಟದ ಕಾಡು ಬೇರೆ, ನಮ್ಮ ಬಾದೆ ಹುಲ್ಲಿನ ಗುಡ್ಡ ಬೇರೆ. ಇಲ್ಲಿ ಗಾಳಿಗೆ ಒಂದು ಕಿಡಿ ಬಿದ್ದರೆ ಗುಡ್ಡವೇ ಹೋಗುತ್ತದೆ. ಉಳಿದ ಮಾತು ಒಪ್ಪುತ್ತೇನೆ. ಊರಿನವರೇ ಎಣಿಸಿ, ಊರಿನವರೇ ಕಾಯುವುದಾದರೆ ವಾಚರ್‌ಗೂ ಅರ್ಧ ಕೆಲಸ ಕಡಿಮೆ. ಆದರೆ ಮಾಗಳಿ ಎಣಿಕೆ ಆಗುವವರೆಗೆ ಪೂರ್ತಿ ನಿಲ್ಲಲಿ.

ಗುಡ್ಡದೂರಿನವ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ನಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ದಾಖಲಾತಿ ಪುಸ್ತಕ ಕೇಳಿದೆ, ಸಿಕ್ಕಿತು. ಹುಣಸೆ, ಬೇವು, ಹೊಂಗೆ ಇವೆ. ಮಾಗಳಿ ಇಲ್ಲ, ಆಷಾಡಿ ಬೇರೂ ಇಲ್ಲ. ಗುಡ್ಡಕ್ಕೆ ಹೋಗುವವರನ್ನು ಕೇಳದೆ ಬರೆದ ಹಾಗಿದೆ. ಮೊದಲು ಅದನ್ನು ತಿದ್ದಿಸಬೇಕು.

ಗ್ರಾಮಸಭೆಗೆ ಇಡಲು ಹೀಗೆ ಯೋಚಿಸಿದ್ದೇನೆ, ನೋಡಿ. ಹಣ್ಣು, ಬೀಜ, ಹೂವಿಗೆ ತಡೆ ಇಲ್ಲ, ಆದರೆ ಕೊಂಬೆ ಕಡಿಯಬಾರದು, ಎಳೆಗಾಯಿ ಬಡಿಯಬಾರದು. ಜೀವಂತ ಮರದ ತೊಗಟೆ ಯಾರೂ ಸುಲಿಯಬಾರದು. ಮಾಗಳಿಯನ್ನು ಎಣಿಕೆ ಆಗಿ, ಬೀಜ ಉದುರುವವರೆಗೆ ಮಾರಾಟಕ್ಕೆ ಅಗೆಯುವುದು ಬೇಡ. ಹೊರಗಿನಿಂದ ಕೊಳ್ಳಲು ಬರುವವರು ಪಂಚಾಯಿತಿ ಕಟ್ಟೆಯ ಹತ್ತಿರ, ಹಗಲಿನಲ್ಲಿ, ಎಲ್ಲರ ಎದುರು ತೂಕ ಹಾಕಬೇಕು. ಹೆಸರು, ಗಾಡಿ ನಂಬರ್, ಎಷ್ಟು ತೂಕ, ಯಾವ ರೇಟು ಎಲ್ಲ ಪುಸ್ತಕದಲ್ಲಿ ಬರೆಯಬೇಕು. ಶುಲ್ಕ ಕಟ್ಟಬೇಕು. ಬರೆಸದೆ ಕೊಂಡರೆ ತಪ್ಪು ಕೊಂಡವನದು, ಮಾರಿದವಳದಲ್ಲ.

ಅಜ್ಜಿಯ ಮೊಮ್ಮಗಳು

ಅಣ್ಣ, ಕೊನೆಯ ಸಾಲು ತುಂಬಾ ಮುಖ್ಯ, ಅದನ್ನು ಯಾರು ಹೇಳಿದರೂ ಬಿಡಬೇಡಿ. ಆದರೆ ಮಾಗಳಿ ನಿಲ್ಲಿಸುವ ಮಾತಿನ ಜೊತೆಗೆ ಹುಣಸೆಯ ಮಾತೂ ಬರಬೇಕು. ಈಗ ಹೆಂಗಸರು ಹುಣಸೆಯನ್ನು ಓಡು ಸಮೇತ ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಾರೆ. ಬೀಜ ತೆಗೆದು, ಒಣಗಿಸಿ, ಸಂಘದಲ್ಲಿ ಒಟ್ಟಿಗೆ ಇಟ್ಟು ಮಳೆಗಾಲದಲ್ಲಿ ಮಾರಿದರೆ ಬೆಲೆ ಬೇರೆ. ಕಿರು ಉತ್ಪನ್ನಕ್ಕೆ ಬೆಂಬಲ ಬೆಲೆ ಯೋಜನೆ 2013-14ರಿಂದ ಇದೆ, ಹುಣಸೆಯೂ ಅದರಲ್ಲಿದೆ. ಬೇರಿನಿಂದ ಬರುತ್ತಿದ್ದ ದುಡ್ಡಿನ ಒಂದಿಷ್ಟು ಭಾಗವಾದರೂ ಇಲ್ಲಿಂದ ಬಂದರೆ ನಿಯಮ ನಿಲ್ಲುತ್ತದೆ. ಇಲ್ಲದಿದ್ದರೆ ಮತ್ತೆ ರಾತ್ರಿ ಹಾರೆ ಹಿಡಿದು ಹೋಗುತ್ತಾರೆ, ಅವರನ್ನು ಬೈಯುವ ಹಕ್ಕು ನಮಗಿರುವುದಿಲ್ಲ.

ಉಪ್ಪಿನಕಾಯಿ ಮನೆ, ದಾವಣಗೆರೆ

ನಿಮ್ಮೂರಿನ ಹುಣಸೆ ನನಗೂ ಬೇಕು. ಬೀಜ ತೆಗೆದದ್ದಾದರೆ ಇನ್ನೂ ಒಳ್ಳೆಯದು. ಮಾಗಳಿಗೆ ಈ ವರ್ಷ ಹಿರಿಯೂರಿನವರ ತೋಟದ್ದು ಎಷ್ಟು ಸಿಗುತ್ತದೋ ಅಷ್ಟೇ ಹಾಕುತ್ತೇನೆ. ಮುಗಿದರೆ ಮುಗಿಯಿತು ಎಂದು ಗಿರಾಕಿಗಳಿಗೆ ಹೇಳುತ್ತೇನೆ, ಯಾಕೆ ಎಂದೂ ಹೇಳುತ್ತೇನೆ.

ಜಗಳೂರಿನ ವಕೀಲೆ

ಗುಡ್ಡದೂರಿನವರೇ, ಒಂದು ಎಚ್ಚರ. ನಿರ್ಣಯವನ್ನು ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಹೆಸರಿನಲ್ಲಿ ಬರೆಯಿರಿ, ಸಮಿತಿಯ ನಡಾವಳಿಯಲ್ಲಿ ಸೇರಿಸಿ, ನಕಲನ್ನು ರೇಂಜ್ ಆಫೀಸಿಗೂ ರಾಜ್ಯ ಜೀವವೈವಿಧ್ಯ ಮಂಡಳಿಗೂ ಕಳಿಸಿ. ಗುಡ್ಡ ಮೀಸಲು ಅರಣ್ಯವಾದರೆ ಈ ನಿರ್ಣಯ ಮಾತ್ರದಿಂದ ಅಲ್ಲಿ ಕೀಳುವ ಹಕ್ಕು ಬರುವುದಿಲ್ಲ. ಅದಕ್ಕೆ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಬೇರೆಯೇ ಹಾಕಬೇಕು. ಆ ಅರ್ಜಿಯ ಗ್ರಾಮಸಭೆಯಲ್ಲಿ ಅರ್ಧದಷ್ಟು ಸದಸ್ಯರು ಇರಲೇಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಇಲ್ಲದಿದ್ದರೆ ಮೇಲಿನ ಹಂತದಲ್ಲಿ ಮೊದಲು ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ. ಸಹಿ ಪುಸ್ತಕ ಸರಿಯಾಗಿ ಇಡಿ.

ಗುಡ್ಡದೂರಿನವ

ಸರಿ ಮೇಡಂ. ಹೆಂಗಸರು ಹೊಲದಿಂದ ಬರುವುದು ಸಂಜೆ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಡುವ ರೂಢಿ ಇದೆ. ಸಂಜೆಗೆ ಇಡಿ ಎಂದು ಅಧ್ಯಕ್ಷರನ್ನು ಕೇಳುತ್ತೇನೆ. ಮೇಷ್ಟ್ರೇ, ಎಣಿಕೆ ಯಾವಾಗ ಮಾಡಿದರೆ ಒಳ್ಳೆಯದು?

ದುರ್ಗದ ಬಾಟನಿ ಮೇಷ್ಟ್ರು

ಮಳೆ ಬಿದ್ದು ಬಳ್ಳಿ ಚಿಗುರಿದ ಮೇಲೆ. ಎಲೆ ಇದ್ದಾಗ ಗುರುತು ಹಿಡಿಯುವುದು ಸುಲಭ, ಎಳೆ ಸಸಿಗಳೂ ಕಾಣುತ್ತವೆ. ಇಡೀ ಗುಡ್ಡ ಎಣಿಸಬೇಕಾಗಿಲ್ಲ. ಜನ ಜಾಸ್ತಿ ಅಗೆದ ಕಡೆ ಒಂದಷ್ಟು ಜಾಗ, ಕೈ ಹಾಕದ ಕಡೆ ಒಂದಷ್ಟು ಜಾಗ ಗುರುತು ಮಾಡಿಕೊಳ್ಳೋಣ. ಪ್ರತಿ ಬಳ್ಳಿಯ ಬುಡದ ದಪ್ಪ, ಕಾಯಿ ಇದೆಯಾ, ಪಕ್ಕದಲ್ಲಿ ಸಸಿ ಇದೆಯಾ ಎಂದು ಬರೆದುಕೊಂಡರೆ ಸಾಕು. ಮುಂದಿನ ವರ್ಷವೂ ಅದೇ ಜಾಗಗಳಿಗೆ ಹೋಗಬೇಕು. ನಾನು ನಾಲ್ಕೈದು ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇನೆ. ನಿಮ್ಮೂರಿನಿಂದ ಬೇರು ಅಗೆದು ಗೊತ್ತಿರುವವರೇ ಬರಬೇಕು, ಅವರಿಗೆ ದಿನದ ಕೂಲಿ ಕೊಡುವ ವ್ಯವಸ್ಥೆಯನ್ನು ಸಮಿತಿಯಿಂದ ಮಾಡಿಸಿ. ರೇಂಜ್ ಆಫೀಸಿಗೆ ಅನುಮತಿ ಪತ್ರ ನಾನು ಬರೆಯುತ್ತೇನೆ. ಕಾಡು ಕಾಯುವ ಅಣ್ಣ, ನೀವೂ ಜೊತೆಗೆ ಬರಬೇಕು.

ಕಾಡು ಕಾಯೋನು

ಬರುತ್ತೇನೆ. ತಾರೀಕು ಹೇಳಿ.